ಪ್ಲೇಟು ಸಿಕ್ಕಿಕೊಳ್ಳುವ ಜಾಗ

ಕೂರುವ ಮೊದಲು ಕುರ್ಚಿ ನೋಡು ಎಂಬ ಬುದ್ಧಿಮಾತನ್ನು ಗ್ರಂಥಾಲಯದ ಗುಮಾಸ್ತ ಚಿಕ್ಕಂದಿನಿಂದ ಕೇಳಿದ್ದ. ಆದರೂ ಆ ಬೆಳಗ್ಗೆ ಶೂ ಲೇಸು ಕಟ್ಟಲು ಧೊಪ್ಪೆಂದು ಕೂತ. ಕಟಕ್ ಎಂದಿತು. ಮೂಳೆ ಮುರಿದಿದ್ದರೆ ವಾಸಿಯಿತ್ತು. ಕೆಳಗಿದ್ದದ್ದು ಅಜ್ಜಿಯ ಗ್ರಾಮಫೋನ್ ಪ್ಲೇಟಿನ ಕವರು.

ಯುದ್ಧದ ಕಾಲದಲ್ಲಿ ಸೈನಿಕರಿಗೆಂದು ಹಾಡಿದ "ದೀಪ ಆರಿಸಬೇಡ, ಬರುವೆ ನಾನು" ಆಗ ಎಲ್ಲರ ಬಾಯಲ್ಲೂ ಇತ್ತಂತೆ. ಆ ಪ್ಲೇಟನ್ನು ಅಜ್ಜಿಯ ಕೈಗಿಟ್ಟು ರೈಲು ಹತ್ತಿದ ತಾತ ತಿರುಗಿ ಬರಲಿಲ್ಲ. "ಬರುವೆ" ಎಂಬಲ್ಲಿ ಮುಳ್ಳು ಸಿಕ್ಕಿಕೊಂಡು "ಬರುವೆ, ಬರುವೆ" ಎನ್ನುತ್ತಲೇ ಇರುತ್ತಿತ್ತು. ಅಜ್ಜಿ ಕೋಲಿನಿಂದ ನೆಲಕ್ಕೊಂದು ಏಟು ಕುಟ್ಟಿದರೆ ಮುಂದೆ ಹೋಗುತ್ತಿತ್ತು. ಅವತ್ತು ಸಂಜೆ ಗ್ರಂಥಾಲಯದಲ್ಲಿ ಯುದ್ಧಕಾಲದ ಹಾಡುಗಳ ಕಾರ್ಯಕ್ರಮ. ಅದಕ್ಕೆ ಈ ಪ್ಲೇಟೇ ಜೀವ. ಅಜ್ಜಿಗಂತೂ ತಾತನ ಗುರುತೆಂದು ಉಳಿದದ್ದು ಇದೊಂದೇ.

ಸದ್ದು ಕೇಳಿ ಪಕ್ಕದ ಮನೆಯ ಬ್ಯಾಂಡ್ ಮೇಷ್ಟ್ರು ಓಡಿ ಬಂದರು. ಪರರ ಕಷ್ಟ ಎಂದರೆ ಅವರಿಗೆ ಕನ್ನಡಕ ಹಾಕಿಕೊಳ್ಳುವಷ್ಟೂ ತಾಳ್ಮೆಯಿಲ್ಲ.

"ಅಜ್ಜಿ ಎಲ್ಲಿ?"

"ಮಹಡಿ ಮೇಲೆ ತಲೆ ಬಾಚ್ಕೋತಿದಾಳೆ. ನಾನು ಸತ್ತೆ ಮೇಷ್ಟ್ರೇ!"

"ಸಾಯೋಕೆ ಮುಂಚೆ ಕವರ್ ಕೊಡು. ನೀನು ನೋಡ್ಬೇಡ, ತಡ್ಕೊಳ್ಳಲ್ಲ."

ಗುಮಾಸ್ತ ಕಣ್ಣು ಮುಚ್ಚಿಕೊಂಡ. ಮೇಷ್ಟ್ರು ಚೂರುಗಳನ್ನು ಬಾಗಿಲಲ್ಲಿ ನಿಂತಿದ್ದ ಕಸದ ಗಾಡಿಗೆ ಸುರಿದು, ಖಾಲಿ ಕವರು ತಂದುಕೊಟ್ಟರು.

"ಒಡೆದದ್ದು ಒಡೀತು. ಒಂದು ಪ್ಲೇಟಿಗೆ ಯಾರಾದ್ರೂ ಅಳ್ತಾರೇನಯ್ಯ? ಪರದೆ ಹಿಂದೆ ನಿಂತು ನೀನೇ ಹಾಡು."

"ನಾನು ಬಾಯಿ ಬಿಟ್ರೆ ಹಾಲು ಒಡೆಯುತ್ತೆ!"

"ಹಳೇ ಪ್ಲೇಟು ಹಾಗೇ ಇರುತ್ತೆ ಅಂತಾರೆ ಬಿಡು."

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತಾಲೀಮು ನಡೆಯಿತು. ಗುಮಾಸ್ತ ತಗಡಿನ ಬಕೆಟ್ಟಿನೊಳಗೆ ತಲೆಯಿಟ್ಟು ಹಾಡಿದ. ಗರಗರ ಸದ್ದಿಗೆ ಮೇಷ್ಟ್ರು ಕಾಗದ ಉಜ್ಜಿದರು. ನಡುವೆ ಬಾಗಿಲು ತೆರೆದ ಮೇಲಧಿಕಾರಿ ಬಕೆಟ್ ಹೊತ್ತವನನ್ನು ನೋಡಿ, "ಸೂರು ಸೋರ್ತಿದೆಯೇನ್ರೀ?" ಎಂದು ಮೇಲೆ ಕಣ್ಣಾಡಿಸಿ ಹೊರಟುಹೋದರು.

ಸಂಜೆ ಸಭೆ ತುಂಬಿತ್ತು. ಗ್ರಾಮಫೋನಿನ ಕೊಂಬು ಮಾತ್ರ ಪರದೆಯಿಂದ ಆಚೆ ಇಣುಕುತ್ತಿತ್ತು. ತಡವಾಗಿ ಬಂದ ಅಜ್ಜಿ ಮಡಿಲಲ್ಲಿ ಚೀಲವಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುವಷ್ಟರಲ್ಲಿ ಹಾಡು ಶುರುವಾಯಿತು. ಮೊದಲ ಸಾಲಿಗೇ ಶ್ರುತಿ ದಿಕ್ಕಾಪಾಲು.

"ಏನೇ ಹೇಳಿ, ಆ ಕಾಲದ ಗಾಯನವೇ ಗಾಯನ!" ಎಂದು ಯಾರೋ ಉದ್ಗರಿಸಿದರು.

"ಬರುವೆ" ಬಂತು. ಗುಮಾಸ್ತ ತಪ್ಪದೆ ಸಿಕ್ಕಿಕೊಂಡ. "ಬರುವೆ, ಬರುವೆ..." ಕೋಲಿನ ಸದ್ದಿಲ್ಲ. "ಬರುವೆ, ಬರುವೆ, ಬರುವೆ..." ಬಕೆಟ್ಟಿನೊಳಗೆ ಬೆವರು ಇಳಿಯಿತು, ಮೇಷ್ಟ್ರ ಕೈಯಲ್ಲಿದ್ದ ಕಾಗದ ಪುಡಿಪುಡಿಯಾಯಿತು. ಅವನ ಗಂಟಲು ಇನ್ನೇನು ಕಟ್ಟಿತು ಎನ್ನುವಾಗ ಮೆಲ್ಲಗೆ, ಒಲ್ಲದ ಮನಸ್ಸಿನಿಂದ, "ಟಕ್" ಎಂದಿತು.

ಜನ ಹೋದ ಮೇಲೆ ಅಜ್ಜಿ ಪರದೆ ಸರಿಸಿ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಕುಟ್ಟೋಕೆ ಮನಸ್ಸೇ ಬರ್ಲಿಲ್ಲ ಕಣೋ. ಪ್ಲೇಟಲ್ಲಿ ಹಾಡಿದೋನ ಗಂಟಲು ಬಲು ಇಂಪು. ನಿಮ್ಮ ತಾತ ಸ್ಟೇಷನ್ನಲ್ಲಿ ಹಾಡಿದ್ದು ಹೀಗೇ, ಕರ್ಣಕಠೋರ. ಆ ದನಿ ನಂಗೆ ಮರ್ತೇಹೋಗಿತ್ತು."

ಗುಮಾಸ್ತ ಬಕೆಟ್ ಸಮೇತ ಅವಳ ಕಾಲ ಬಳಿ ಕುಸಿದ. "ಅಜ್ಜಿ, ಪ್ಲೇಟು ನಾನೇ ಒಡೆದೆ!"

"ಎಲ್ಲಿ ಒಡೆದೆ?" ಅಜ್ಜಿ ಚೀಲದಿಂದ ಉಣ್ಣೆಯ ಮಫ್ಲರ್ ತೆಗೆದು ಬಿಚ್ಚಿದಳು. ಒಳಗೆ ಪ್ಲೇಟು ಒಂದು ಬಿರುಕೂ ಇಲ್ಲದೆ ಫಳಫಳ ಎನ್ನುತ್ತಿತ್ತು. "ನೋಡದೆ ಕೂರೋನ ಕೈಗೆ ಇದನ್ನ ಕೊಡ್ತೀನಾ? ನಾನೇ ತಂದು ಕೊಡೋಣ ಅಂತಿದ್ದೆ, ಅಷ್ಟರಲ್ಲಿ ಹಾಡೇ ಶುರುವಾಯ್ತು."

ಗುಮಾಸ್ತನಿಗೆ ಹೋದ ಜೀವ ಬಂತು. ಮೇಷ್ಟ್ರು ಅವನನ್ನು ತಬ್ಬಿಕೊಂಡು ಕುಣಿದರು. ಕುಣಿಯುತ್ತಲೇ ಕೇಳಿದರು:

"ಮತ್ತೆ ಆ ಕವರಲ್ಲಿ ಇದ್ದದ್ದು ಏನಜ್ಜಿ?"

"ಕೇಳೋಕೆ ಅಂತ ಕೊಟ್ಟಿದ್ರಲ್ಲ ಮೇಷ್ಟ್ರೇ, ನಿಮ್ಮ ಬ್ಯಾಂಡಿನ ಪ್ಲೇಟು! ಇಡೀ ಲೋಕಕ್ಕೆ ಇರೋದು ಅದೊಂದೇ ಅಂತಿದ್ರಿ. ಬರಿ ಪ್ಲೇಟಿಗೆ ಧೂಳು ಕೂರುತ್ತೆ ಅಂತ ನನ್ನ ಕವರಲ್ಲಿ ಹಾಕಿಟ್ಟೆ. ನಾಳೆ ನೆನಪಿಟ್ಕೊಂಡು ತಗೊಂಡ್ಹೋಗಿ."

ಮೇಷ್ಟ್ರು ಕುಣಿತ ನಿಲ್ಲಿಸಿ, ಕುರ್ಚಿ ಇದೆಯೋ ಇಲ್ಲವೋ ನೋಡದೆ ಧೊಪ್ಪೆಂದು ನೆಲಕ್ಕೇ ಕೂತರು. ಬೆಳಗ್ಗೆಯ ಕಸದ ಗಾಡಿ ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ಒಂದು ಪ್ಲೇಟಿಗಾಗಿ ಗೊಳೋ ಎಂದು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಬಕೆಟ್ಟನ್ನು ಗುಮಾಸ್ತನ ತಲೆಗೆ ಮತ್ತೆ ಕವುಚಿದರು.

"ನಮ್ಮ ಬ್ಯಾಂಡಲ್ಲಿ ಹನ್ನೆರಡು ಜನ ಇದ್ರು ಕಣಯ್ಯ. ಹೂಂ, ಶುರು ಮಾಡು. ಮೊದಲು ತುತ್ತೂರಿ."