ಮದುವೆ ಮಂಟಪಕ್ಕೊಂದು ವೆಬ್‌ಸೈಟು

ಶಿರಾ ಗೇಟಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಆಫೀಸು ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನನ್ನಲ್ಲಿ ಕೆಲಸಕ್ಕೆ ಇಬ್ಬರು. ಶೆಟ್ಟಿಹಳ್ಳಿಯ ಹುಡುಗಿ ಪುಟದ ಅಂದ ನೋಡಿಕೊಳ್ಳುತ್ತಾಳೆ. ಗುಬ್ಬಿಯವನು, ಜನ ಸರ್ಚ್ ಮಾಡಿದಾಗ ಆ ಪುಟವೇ ಮೊದಲು ಸಿಗುವಂತೆ ಮಾಡುತ್ತಾನೆ. ಅವಳಿಗೆ ಪದ ಕಂಡರೆ ಆಗದು, ಅವನಿಗೆ ಖಾಲಿ ಜಾಗ ಕಂಡರೆ ಆಗದು.

ಕುಣಿಗಲ್ಲಿನ ಮದುವೆ ಮಂಟಪದ ಯಜಮಾನರು ಒಂದು ದಿನ ಬಂದರು. ಈ ಲಗ್ನದ ಸೀಸನ್ನಿನೊಳಗೆ ವೆಬ್‌ಸೈಟ್ ನೋಡಿ ಒಂದು ಮದುವೆಯಾದರೂ ಬುಕ್ ಆಗದಿದ್ದರೆ ಮತ್ತೆ ಗೋಡೆ ಬರಹಕ್ಕೇ ಹೋಗುತ್ತೇನೆ ಎಂದರು. ಅದು ನಮಗೆ ಸಿಕ್ಕ ಮೊದಲ ಮಂಟಪ, ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

೧. ಖಾಲಿ ಜಾಗ

ಮೊದಲು ಹುಡುಗಿ ಪುಟ ಮಾಡಿದಳು. ನಡುವೆ ಹೂವಿನ ಅಲಂಕಾರದ ಒಂದು ಫೋಟೊ, ಸುತ್ತ ಬರೀ ಬಿಳಿ. ನನಗೆ ಬಹಳ ಹಿಡಿಸಿತು. ಓದುವುದಕ್ಕೇ ಏನೂ ಇಲ್ಲದ ಪುಟ ಯಾರಿಗೆ ಸಿಗುತ್ತದೆ ಎಂದು ಗುಬ್ಬಿಯವನು ಮುಖ ಸಿಂಡರಿಸಿದ. ಯಜಮಾನರು ಕನ್ನಡಕ ಏರಿಸಿ, ಪುಟವನ್ನು ತಳದವರೆಗೂ ನೋಡಿದರು.

"ಎಲ್ಲಾ ಚೆನ್ನಾಗದೆ. ಕೆಳಗಡೆ ಸುಖಾಗಮನ ಬಯಸುವವರು ಅಂತ ನಮ್ಮ ಅಣ್ಣತಮ್ಮಂದಿರ ಹೆಸರೇ ಇಲ್ವಲ್ಲ? ಒಂದು ಬಿಟ್ಟೋದ್ರೂ ಊಟಕ್ಕೆ ಬರಲ್ಲ ಅವ್ರು."

೨. ಜಪ

ಮುಂದಿನ ಸರದಿ ಗುಬ್ಬಿಯವನದು. ಒಂದೇ ಪ್ಯಾರಾದಲ್ಲಿ 'ಕುಣಿಗಲ್ ಮದುವೆ ಮಂಟಪ' ಎಂದು ಹದಿನಾಲ್ಕು ಸಲ ತುರುಕಿದ. ಆ ಸಿಟ್ಟಿಗೆ ಹುಡುಗಿ ಅವತ್ತು ಊಟದ ಡಬ್ಬಿ ಮುಟ್ಟಲಿಲ್ಲ. ಯಜಮಾನರು ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಅವರ ಹೆಂಡತಿ ಅಡುಗೆಮನೆಯಿಂದ ಬಂದು ಕೈಮುಗಿದು ನಿಂತರಂತೆ. ಓದು ಮುಗಿದ ಮೇಲೆ ಮಂಗಳಾರತಿ ತಟ್ಟೆ ತರಲೇ ಎಂದು ಕೇಳಿದರಂತೆ.

೩. ರಾಜಿ

ಕೊನೆಗೆ ನಾನೇ ರಾಜಿ ಮಾಡಿಸಿದೆ. ಅವನ ಪದಗಳೆಲ್ಲ ಇರಲಿ, ಆದರೆ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿರಲಿ. ಸರ್ಚ್ ಮಾಡುವ ಯಂತ್ರ ಓದಿಕೊಳ್ಳಲಿ, ಮನುಷ್ಯರ ಕಣ್ಣಿಗೆ ಬೀಳದಿರಲಿ. ಕಳ್ಳದಾರಿ ಅಂತ ಗೊತ್ತಿದ್ದೂ ಮಾಡಿದೆ. ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಗುಬ್ಬಿಯವನು, ಜನ ಯಾವ ಯಾವ ಕಾರ್ಯಕ್ಕೆ ಹಾಲ್ ಹುಡುಕುತ್ತಾರೋ ಅದನ್ನೆಲ್ಲ ಸುರಿದುಬಿಟ್ಟ.

ಸರ್ಚ್ ಮಾಡಿದರೆ ನಮ್ಮ ಪುಟವೇ ಮೇಲೆ ಬಂತು. ಅದನ್ನು ನೋಡಿ ಕೊತ್ತಗೆರೆಯಿಂದ ಹೆಣ್ಣಿನ ಕಡೆಯವರು ಮಂಟಪಕ್ಕೇ ಬಂದರು. ಯಜಮಾನರು ಖುಷಿಯಲ್ಲಿ ನನ್ನನ್ನೂ ಕರೆಸಿಕೊಂಡಿದ್ದರು. ಎಲ್ಲ ಒಪ್ಪಿಗೆಯಾಗುವ ಹೊತ್ತಿಗೆ, ಮದುಮಗಳ ಜೊತೆ ಬಂದಿದ್ದ, ಕಣ್ಣು ಮಂಜಾಗಿದ್ದ ಅವಳ ಅಜ್ಜಿ, ಫೋನಿನಲ್ಲಿ ಏನು ಬರೆದಿದ್ದಾರೋ ನನಗೂ ಕೇಳಿಸು ಎಂದರು. ಮದುಮಗಳು ಫೋನೇ ಗಟ್ಟಿಯಾಗಿ ಓದುವಂತೆ ಗುಂಡಿ ಒತ್ತಿದಳು. ಬಿಳಿ ಅಕ್ಷರವನ್ನೂ ಅದು ಓದುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಮದುವೆ, ಸೀಮಂತ, ನಾಮಕರಣ ಎಂದು ಹೇಳುತ್ತಾ ಹೋದ ಫೋನು ಅದೇ ಉಸಿರಿನಲ್ಲಿ ಶಿವಗಣಾರಾಧನೆ, ಪುಣ್ಯತಿಥಿ ಊಟ ಎಂದಿತು.

ಮದುವೆ ಮಾತಿನ ನಡುವೆ ಸತ್ತವರ ಊಟ. ಮದುಮಗಳ ತಂದೆ ಎದ್ದು ನಿಂತರು. ಯಜಮಾನರು ನನ್ನ ಕಡೆ ಕೆಕ್ಕರಿಸಿ ನೋಡಿದರು. ಹೋಯಿತು ನಮ್ಮ ಮಂಟಪ ಅಂದುಕೊಂಡೆ. ಅಜ್ಜಿ ಮಾತ್ರ ಎಲೆಅಡಿಕೆ ಅಗಿಯುತ್ತಲೇ ಮಗನ ಪಂಚೆ ಹಿಡಿದು ಕೂರಿಸಿದರು.

"ಕೂತ್ಕೊಳೋ. ಎಲ್ಲಾ ಒಂದೇ ಕಡೆ ಆಗೋದಾದ್ರೆ ಒಳ್ಳೇದೇ ಬುಡು. ಮೊಮ್ಮಗಳ ಮದ್ವೆ ಇಲ್ಲೇ ಬರ್ಸು, ನಂದೂ ಇಲ್ಲೇ ಬರ್ಸು. ನಂದಕ್ಕೆ ತಾರೀಕು ಮಾತ್ರ ಈಗ್ಲೇ ಕೇಳ್ಬ್ಯಾಡಿ ಅನ್ನು."