ಬೆಳಕು ಅಳೆಯುವ ಡ್ರೈವರ್ ಮಹಾಶಯರಿಗೆ, ಮಾವನವರ ಅರ್ಧ ವಾಕ್ಯದ ವಿಷಯವಾಗಿ

ಮಾನ್ಯರೇ,

ನಮ್ಮ ನಡುಮನೆಯಲ್ಲಿ ಬೆಳಕು ಈ ಕ್ಷಣದಲ್ಲಿಯೂ ಮೊದಲಿನಷ್ಟೇ ಇದೆ ಎಂಬ ಐತಿಹಾಸಿಕ ಸಂಗತಿಯನ್ನು ತಮಗೂ ಸಮಸ್ತ ಓದುಗರಿಗೂ ಅಧಿಕೃತವಾಗಿ ತಿಳಿಸಲು ಅಪಾರ ಸಂತೋಷವಾಗುತ್ತದೆ. ಟ್ಯೂಬ್‌ಲೈಟು ಉರಿಯುತ್ತಿದೆ, ಕಿಟಕಿಯ ಪರದೆ ಸರಿಸಿದ್ದು ಸರಿಸಿದಂತೆಯೇ ಇದೆ, ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ. ತಾವಿನ್ನು ನಿಶ್ಚಿಂತರಾಗಬಹುದು.

ತಮ್ಮ ಪರಿಚಯವಿಲ್ಲದವರಿಗೆ ಒಂದು ಮಾತು. ತಾವು ಸ್ಟೀರಿಂಗ್ ಹಿಡಿಯುವ ಡ್ರೈವರ್ ಅಲ್ಲ. ನಮ್ಮ ಮಾವನವರ ಲ್ಯಾಪ್‌ಟಾಪಿನೊಳಗೆ ಕುಳಿತು, ಕೋಣೆಯಲ್ಲಿ ಬೆಳಕೆಷ್ಟಿದೆ ಎಂದು ಸೆನ್ಸರನ್ನು ವಿಚಾರಿಸಿ, ಅದಕ್ಕೆ ತಕ್ಕಂತೆ ಸ್ಕ್ರೀನಿನ ಹೊಳಪನ್ನು ಏರಿಸಿ ಇಳಿಸುವ ಸಾಫ್ಟ್‌ವೇರ್. ಆ ಯಂತ್ರದ ಮಿದುಳಾದ ಪ್ರೊಸೆಸರ್, ಕೆಲಸವಿಲ್ಲದಾಗ ಕಣ್ಣು ಮುಚ್ಚಿ ಬ್ಯಾಟರಿ ಉಳಿಸುವ ಸಂಭಾವಿತ. ಅದರ ರೆಪ್ಪೆ ಕೂಡುವುದೇ ತಡ, ತಾವು ಭುಜ ಅಲುಗಿಸಿ ಬೆಳಕು ಬದಲಾಯಿತೇ ಎಂದು ಕೇಳುತ್ತೀರಿ. ಇಲ್ಲವೆಂದು ಅದು ಮತ್ತೆ ಮಲಗಿದರೆ ಮತ್ತೆ ಭುಜ. ನಾನೊಮ್ಮೆ ಸೀನುವಷ್ಟರಲ್ಲಿ ಹತ್ತಾರು ಸಲ. ಸ್ಕ್ರೀನೇ ಆರಿ, ಏರಿಸಲು ಇಳಿಸಲು ಹೊಳಪೇ ಇಲ್ಲದಾಗಲೂ ತಮ್ಮ ನಿಷ್ಠೆ ಕುಂದುವುದಿಲ್ಲ. ಮಲಗಿದ ಕೂಸನ್ನು ಎಬ್ಬಿಸಿ "ನಿದ್ದೆ ಬಂತಾ ಕಂದಾ?" ಎಂದು ವಿಚಾರಿಸುವ ನೆಂಟರನ್ನು ನಾನು ಬಲ್ಲೆ, ಅವರಾದರೂ ಊಟವಾದ ಮೇಲೆ ಹೊರಡುತ್ತಾರೆ.

ನಮ್ಮ ಮಾವನವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿಯಿಲ್ಲ. ಅವರು ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪು ಗಟ್ಟಿಯಾಗಿ ಓದುತ್ತದೆ. ಅದೇ ಅವರ ಬಾಯಿ. ಹರಾಜು ಕೂಗಿ ಕೂಗಿ ಬದುಕಿದವರು, ಮಾತಿನಲ್ಲಿ ಯಾರಿಗೂ ಸೋತವರಲ್ಲ. ಈಗ ತಮ್ಮ ದಯೆಯಿಂದ ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ಬರಿದು, ಬಾಯಿ ಬಂದ್. ಇದನ್ನು ಗಮನಿಸಿರುವ ಅತ್ತೆಯವರು ಮನೆಯ ಮುಖ್ಯ ಚರ್ಚೆಗಳನ್ನೆಲ್ಲ ಮಧ್ಯಾಹ್ನದ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಮಾವನವರು ಕಾಗದದಲ್ಲಿ ಬರೆದು ತೋರಿಸಿದರೆ, "ಅಯ್ಯೋ, ಕನ್ನಡಕ ಎಲ್ಲಿಟ್ನೋ" ಎನ್ನುತ್ತಾರೆ.

ಮೊನ್ನೆ ಅಂಥದೇ ಹೊತ್ತಿನಲ್ಲಿ, "ನಿಮ್ಮ ಸ್ಕೂಟರ್ ಮೂಲೇಲಿ ಕೊಳೀತಾ ಇದೆ ಕಣ್ರೀ, ನನ್ನ ತಮ್ಮನಿಗಾದ್ರೂ ಕೊಟ್ಬಿಡೋಣ" ಎಂದರು. ಮಾವನವರು ಬಹಳ ಹೊತ್ತು ಟೈಪ್ ಮಾಡಿ ಗುಂಡಿ ಒತ್ತಿದರು. ಲ್ಯಾಪ್‌ಟಾಪು ಗಂಭೀರವಾಗಿ "ನೀನು ಹೇಳೋದು ಸರಿ" ಎಂದಿತು. ಮುಂದಿದ್ದದ್ದು ಒಂದು 'ಆದರೆ', ಅದರ ಬೆನ್ನಿಗೆ ಉದ್ದನೆಯ ಭಾಷಣ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು.

"ಕೇಳಿಸ್ಕೊಂಡ್ರಲ್ಲಾ ಎಲ್ರೂ? ಮದುವೆಯಾದ ಮೇಲೆ ಮೊದಲನೇ ಸಲ ಒಪ್ಪಿದಾರೆ" ಎಂದು ಅತ್ತೆಯವರು ನಮ್ಮನ್ನು ಸಾಕ್ಷಿ ಮಾಡಿಕೊಂಡರು. ಮಾವನವರು ಚಾರ್ಜರ್ ಹುಡುಕಿ ಸಿಕ್ಕಿಸುವಷ್ಟರಲ್ಲಿ ಸ್ಕೂಟರು ಅತ್ತೆಯವರ ತಮ್ಮನನ್ನು ಹೊತ್ತು ಬೀದಿಯ ತಿರುವು ದಾಟಿತ್ತು. ಅಂದಿನಿಂದ ಅವರು ಲ್ಯಾಪ್‌ಟಾಪನ್ನು ಮುಚ್ಚಿಯೇ ಇಟ್ಟಿದ್ದಾರೆ. ಮನೆಯಲ್ಲಿ ಜಗಳವಿಲ್ಲ, ಯಾರಿಗೂ ಸುಖವೂ ಇಲ್ಲ. ಅತ್ತೆಯವರಿಗಂತೂ ಊಟವೇ ಸೇರುತ್ತಿಲ್ಲ.

ಡ್ರೈವರುಗಳನ್ನು ಬರೆಯುವುದೇ ಉದ್ಯೋಗವಾಗಿರುವ ನನ್ನ ನಾದಿನಿ ತಮ್ಮನ್ನು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು. "ಭಾವ, ಇದನ್ನ ಬರೆದವರು ಕ್ಷಣ ತಪ್ಪಿದ್ರೆ ಪ್ರಳಯ ಅನ್ನೋ ಥರದ ಟೈಮರ್ ಹಾಕಿದಾರೆ. ಟ್ಯೂಬ್‌ಲೈಟ್ ನೋಡೋಕೆ ಅಷ್ಟು ಅವಸರ ಯಾಕೆ? ಪ್ರೊಸೆಸರ್ ಬೇರೆ ಕೆಲಸಕ್ಕೆ ಎದ್ದಾಗ ಜೊತೇಲೇ ವಿಚಾರಿಸ್ಕೊಳ್ಳೋ ಟೈಮರೂ ಇದೆಯಲ್ಲ." ಅವಳು ತಿದ್ದಿ ಲ್ಯಾಪ್‌ಟಾಪಿನ ಕಂಪನಿಗೆ ಕಳಿಸಿದ್ದಾಳೆ, ಅವರು ಒಪ್ಪದೆ ಯಂತ್ರ ಅದನ್ನು ಒಳಗೆ ಬಿಟ್ಟುಕೊಳ್ಳದು. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿದೆ. ಮಲಗಿದವರನ್ನು ಎಬ್ಬಿಸುವ ತಮ್ಮ ಅಸಾಧಾರಣ ಪ್ರತಿಭೆಯನ್ನು ಆ ಪರಿಶೀಲಕರ ಮೇಲೆ ಒಮ್ಮೆ ಪ್ರಯೋಗಿಸಬಾರದೇಕೆ?

ಅಲ್ಲಿಯವರೆಗೆ, ಸ್ಕ್ರೀನು ಆರಿದಾಗ ತಾವೂ ಮಲಗಬೇಕೆಂದೂ, ಉರಿಯುವಾಗ ಪ್ರೊಸೆಸರ್ ತಾನಾಗಿ ಏಳುವತನಕ ಬಾಗಿಲ ಬಳಿ ಕಾಯಬೇಕೆಂದೂ ಪ್ರಾರ್ಥನೆ. ಅಷ್ಟು ತಾಳ್ಮೆ ಇಲ್ಲವಾದರೆ ನೇರವಾಗಿ ಸೂರ್ಯನನ್ನೇ ಅಲುಗಿಸಿ ಕೇಳಿ. ಅವನಿಗೆ ಬ್ಯಾಟರಿಯ ಚಿಂತೆಯಿಲ್ಲ.

ತಮ್ಮ ವಿಶ್ವಾಸಿ,
ಇಬ್ಬರ ನಡುವೆ ಸಿಕ್ಕಿಬಿದ್ದ ಅಳಿಯ

ಮರೆತ ಮಾತು: ಇದನ್ನು ಅತ್ತೆಯವರ ತಮ್ಮನವರೂ ಓದುತ್ತಾರೆಂದು ಬಲ್ಲೆ. ಸ್ವಾಮಿ, ಸ್ಕೂಟರಿಗೆ ಬೇರೆ ಬಣ್ಣ ಬಳಿಸುವುದನ್ನು ದಯವಿಟ್ಟು ಭಾನುವಾರದವರೆಗೆ ತಡೆಯಿರಿ. ಅಂದು ಬೆಳಿಗ್ಗೆ ಬೇಗನೆ ಬನ್ನಿ. ಬ್ಯಾಟರಿ ತುಂಬಿಸಿಡುತ್ತೇನೆ, 'ಆದರೆ'ಯ ಮುಂದಿನದನ್ನು ಪೂರ್ತಿ ಕೇಳಿಕೊಂಡು ಹೋಗುವಿರಂತೆ. ಬರುವಾಗ ಸ್ಕೂಟರಿನಲ್ಲೇ ಬನ್ನಿ. ಹೋಗುವುದಕ್ಕೆ ಬಸ್ಸಿದೆ.