ತೊಗಲುಪಟ್ಟಿಯ ತೂತುಗಳು ಹುಳ ಕೊರೆದವಲ್ಲವೆಂದು ರುಜುವಾತು ಕೋರಿ

ಇಂದ:
ಮೈಲಾರೇಶ್, ಖಾಸಗಿ ಬಸ್ ಚಾಲಕ,
ಕೊಟ್ಟೂರು–ಹಡಗಲಿ ಮಾರ್ಗ, ಕೊಟ್ಟೂರು.

ಗೆ:
ವಿನ್ಯಾಸ ವಿಭಾಗದ ಮುಖ್ಯಸ್ಥರು,
ರೇಸ್ ಕಾರಿನ ಮಾದರಿಯ ದುಬಾರಿ ಕೈಗಡಿಯಾರಗಳ ಕಂಪನಿ, ಪರದೇಶ.

ವಿಷಯ: ತಮ್ಮ ವಿನ್ಯಾಸದಿಂದ ತವರಿಗೆ ಹೋದ ನನ್ನ ಹೆಂಡತಿಯನ್ನು ಮರಳಿ ದೊರಕಿಸಿಕೊಡುವ ಬಗ್ಗೆ.

ಉಲ್ಲೇಖ: ಗಡಿಯಾರದ ಡಬ್ಬಿಯಲ್ಲಿದ್ದ ತಮ್ಮ ದಪ್ಪ ಪುಸ್ತಕ (ಕನ್ನಡ ಬಿಟ್ಟು ಉಳಿದೆಲ್ಲ ಭಾಷೆಗಳಲ್ಲಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಹಿರೇಹಡಗಲಿಯ ಶ್ರೀ ಕರಿಸಿದ್ದಪ್ಪನವರು ನನ್ನ ತಾಯಿಯ ಒಡಹುಟ್ಟಿದ ತಮ್ಮನೂ, ಕಾರಣ ನನ್ನ ಸೋದರಮಾವನೂ, ಕಳೆದ ಬೇಸಿಗೆಯಿಂದ ನನ್ನ ಹೆಂಡತಿಯ ತಂದೆಯೂ ಆಗಿರುತ್ತಾರೆ. ಕುರಿ ಸಾಕುವವರು. ಹೊಸ ಅಳಿಯನ ದೀಪಾವಳಿ ಉಡುಗೊರೆಗೆಂದು ಹುಬ್ಬಳ್ಳಿಯ ಅಂಗಡಿಗೆ ಹೋಗಿ, “ಅಳಿಯ ಮೋಟಾರ್ ಹೊಡಿತಾನ್ರಿ, ಮೋಟಾರಿನೋರು ಕಟ್ಟೋ ವಾಚ್ ಕೊಡ್ರಿ” ಎಂದು ಕೇಳಿದ ಕಾರಣ, ತಮ್ಮ ಗಡಿಯಾರ ನಮ್ಮ ಮನೆಗೆ ಬಂದಿರುತ್ತದೆ.

೨. ಸದರಿ ಗಡಿಯಾರದ ಮುಖ ಕಾರಿನ ಮೀಟರಿನಂತಿದೆ. ದೊಡ್ಡ ಕೆಂಪು ಮುಳ್ಳು ಗುಂಡಿ ಒತ್ತದ ಹೊರತು ಅಲುಗುವುದಿಲ್ಲ. ಅಂಚಿನ ವೇಗದ ಅಂಕಿಗಳಲ್ಲಿ ಅರವತ್ತಕ್ಕಿಂತ ಕಡಿಮೆ ಇಲ್ಲ. ನಮ್ಮ ಕಂಡಕ್ಟರ್ ಹುಲುಗೇಶ ಅದನ್ನು ತಿರುಗಿಸಿ ನೋಡಿ, “ಅಣ್ಣಾ, ನಮ್ಮ ಗಾಡಿ ನಿಂತೈತಿ ಅಂತ ತಿಳದೈತಿ ಇದು” ಎಂದನು. ಈ ಬಗ್ಗೆ ನನ್ನ ತಕರಾರಿಲ್ಲ.

೩. ತಕರಾರು ಗಡಿಯಾರದ ತೊಗಲುಪಟ್ಟಿಯದು. ರೇಸ್ ಓಡಿಸುವವರ ಕೈಗವಸಿನಂತೆ ಗಾಳಿಯಾಡಲೆಂದು ತಾವು ಅದರ ತುಂಬ ತೂತು ಕೊರೆದಿದ್ದೀರೆಂದು ಅಂಗಡಿಯವರ ಹೇಳಿಕೆ. ಆದರೆ ನಮ್ಮ ಮನೆಗಳಲ್ಲಿ ತೊಗಲನ್ನು ಬಿಸಿಲಿಗೆ ಹಿಡಿದು ನೋಡಿಯೇ ಒಪ್ಪುವುದು. ಬೆಳಕು ತೂರಿದರೆ ಹುಳ ಬಿದ್ದದ್ದೆಂದು ಬದಿಗಿಡುವುದು. ಕಾರಣ, ಮಾವನವರು ಹಬ್ಬಕ್ಕೆ ಕರೆಯಲು ಬಂದು, ನೆಂಟರೆದುರು ನನ್ನ ಕೈಗೆ ಗಡಿಯಾರ ಕಟ್ಟಿದೊಡನೆ, ನನ್ನ ತಾಯಿ ಗಾದೆಮ್ಮನವರು ಅದನ್ನು ಬಿಚ್ಚಿಸಿ ಅಂಗಳಕ್ಕೆ ಒಯ್ದರು.

“ಏನ್ ತಮ್ಮಾ, ಅಷ್ಟು ಕುರಿ ಮಾರಿ ಹುಳ ತಿಂದ ತೊಗಲು ತಂದಿ?”

“ಅಕ್ಕಾ, ಅದು ಫ್ಯಾಷನ್ನು.”

“ಹುಳಕ್ಕ ಫ್ಯಾಷನ್ ಗೊತ್ತೈತೇನು?”

ಜೀವಮಾನವಿಡೀ ತೊಗಲು ನೋಡಿದ ಮಾವನವರು ಚಹಾ ಮುಟ್ಟದೆ ಎದ್ದರು. ಅವರೊಡನೆ ಹಬ್ಬಕ್ಕೆ ಹೊರಟ ನನ್ನ ಹೆಂಡತಿ ಸೌಭಾಗ್ಯ ಹಬ್ಬ ಕಳೆದರೂ ಹಿಂದಿರುಗಿಲ್ಲ.

೪. ಫೋನ್ ಮಾಡಿ ವಿಚಾರಿಸಲಾಗಿ, “ಅತ್ತಿ ಬಂದು ಅಪ್ಪನ ಮುಂದ ‘ಹುಳ ಅಲ್ಲ’ ಅಂದ್ರ ಬರ್ತೀನ್ರಿ. ಅಲ್ಲೀತನಾ ನೀವ ರೊಟ್ಟಿ ಬಡಕೊಳ್ರಿ” ಎಂದಳು. ಬಡಿಯುತ್ತಿದ್ದೇನೆ. ಹುಲುಗೇಶ ಅವುಗಳನ್ನೂ ಬಿಸಿಲಿಗೆ ಹಿಡಿದು ನೋಡಿದ್ದಾನೆ.

೫. ತಾಯಿಯವರು ಹಟಮಾರಿಯಲ್ಲ. ಅವರ ಷರತ್ತು ಒಂದೇ: “ಮನಷಾ ಕೊರದಿದ್ದಾದ್ರ ಕೊರದ ಚೂರು ಎಲ್ಲ್ಯಾವ? ಹುಳ ಆದ್ರ ತಿಂತೈತಿ. ಮನಷಾ ಎಲ್ಲ್ಯಾರ ಇಟ್ಟಿರಬೇಕಲ.” ಉತ್ತರಕ್ಕಾಗಿ ತಮ್ಮ ಪುಸ್ತಕದ ಚಿತ್ರಗಳನ್ನೆಲ್ಲ ನೋಡಿದೆ. ಅದರಲ್ಲಿ ಇರುವಂತೆ ಕಾಣುವುದಿಲ್ಲ.

ಆದ್ದರಿಂದ, ಸದರಿ ಪಟ್ಟಿಯಿಂದ ಕೊರೆದು ತೆಗೆದ ತೊಗಲಿನ ಚೂರುಗಳನ್ನು ಹುಡುಕಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಒಂಟಿ,
ಮೈಲಾರೇಶ್

ಲಗತ್ತುಗಳು:
೧. ಬಿಸಿಲಿಗೆ ಹಿಡಿದ ಪಟ್ಟಿಯ ಫೋಟೋ.
೨. ಮಾವನವರ ಕುರಿಯ ತೊಗಲಿನ ತುಂಡು, ತೂತಿಲ್ಲದ್ದು. ತಮ್ಮ ತಿಳುವಳಿಕೆಗಾಗಿ ಅವರೇ ಕೊಟ್ಟಿರುತ್ತಾರೆ.

ವಿ.ಸೂ.: ಚೂರು ಒಂದೂ ಕಡಿಮೆಯಾಗಬಾರದು. ತಾಯಿಯವರು ಪ್ರತಿ ತೂತಿಗೂ ಹಚ್ಚಿ ನೋಡುವವರಿದ್ದಾರೆ. ಯಾವುದಾದರೂ ತೂತು ಖಾಲಿ ಉಳಿದರೆ, ಅದು ಹುಳದ್ದೇ.